ನಾಲ್ಕನೇ ಅಂಚು

ಗೌರತ್ತೆ ಇದ್ದ ಕೋಣೆಗೆ ಕಿಟಕಿ ಇರಲಿಲ್ಲ ಎಂದೇ ನನ್ನ ನೆನಪು. ತಂಗಿ ಸುಮಾ ಇತ್ತು ಎನ್ನುತ್ತಾಳೆ. ಅದಕ್ಕೆ ಹಸಿರು ಬಣ್ಣ ಬಳಿದಿದ್ದರಂತೆ, ಮುಂದೆ ಬಟ್ಟೆಗಂಟುಗಳನ್ನು ಪೇರಿಸಿಟ್ಟಿದ್ದರಿಂದ ಕಾಣುತ್ತಿರಲಿಲ್ಲವಂತೆ. ವಾರಕ್ಕೆ ಮೂರು ದಿನದಂತೆ ಹೆಚ್ಚುಕಡಿಮೆ ಎರಡು ವರ್ಷ ಆ ಕೋಣೆಯಲ್ಲಿ ಕೂತು ಊಟ ಮಾಡಿದವನು ನಾನು. ಸುಮಾ ಹೋಗಿದ್ದು ಒಟ್ಟು ನಾಲ್ಕೈದು ಸಲ. ಆದರೂ ಅವಳು ಹೇಳುವುದೇ ಸರಿಯಿರಬಹುದು. ಒಬ್ಬರ ಬಗ್ಗೆ ಒಂದು ಕಥೆ ಕಟ್ಟಿಕೊಂಡ ಮೇಲೆ ಅದಕ್ಕೆ ಒಪ್ಪದ್ದನ್ನೆಲ್ಲ ನೆನಪು ಮೆಲ್ಲಗೆ ಬದಿಗೆ ಸರಿಸುತ್ತದೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂದು ಪ್ರತಿ ಸಾಲಿಗೂ ಪ್ರಮಾಣ ಮಾಡಲಾರೆ.

ಅನುಮಾನವೇ ಇಲ್ಲದ ಒಂದು ಸಂಗತಿಯೆಂದರೆ ಅವಳ ಬಲಗೈ ತೋರುಬೆರಳಿನಲ್ಲಿದ್ದ ಸೈಕಲ್ ಟ್ಯೂಬಿನ ಉಂಗುರ. ಹಳೇ ಟ್ಯೂಬನ್ನು ಅರ್ಧ ಅಂಗುಲದಷ್ಟು ಕತ್ತರಿಸಿ ಮಾಡಿಕೊಂಡದ್ದು. ನಾಲ್ಕೈದು ಪದರದ ಕೌದಿಯಲ್ಲಿ ಸೂಜಿ ನಡುವೆ ಸಿಕ್ಕಿಕೊಂಡರೆ ಆ ರಬ್ಬರಿನಿಂದ ಹಿಡಿದು, ಹಲ್ಲು ಕಿತ್ತ ಹಾಗೆ, ಒಂದೇ ಸಲಕ್ಕೆ ಎಳೆಯುತ್ತಿದ್ದಳು. ಅನ್ನ ಬಡಿಸುವಾಗಲೂ ಅದು ಬೆರಳಿನಲ್ಲೇ ಇರುತ್ತಿತ್ತು. "ಅದನ್ನಾದ್ರೂ ತೆಗ್ದಿಡತ್ತೆ" ಎಂದರೆ, "ಬಂಗಾರದ್ದು ಜಾರುತ್ತೆ ಮಾರಾಯ, ಇದು ಹಿಡ್ಕೊಳುತ್ತೆ" ಎನ್ನುತ್ತಿದ್ದಳು.

ಗೌರತ್ತೆ ನನ್ನ ತಂದೆಯ ತಂಗಿ. ಭದ್ರಾವತಿಯ ಓಲ್ಡ್ ಟೌನಿಗೆ ಕೊಟ್ಟಿದ್ದರು. ಗಂಡ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವರು, ಮದುವೆಯಾದ ನಾಲ್ಕನೇ ವರ್ಷಕ್ಕೆ ಕಾಯಿಲೆ ಬಿದ್ದು ತೀರಿಕೊಂಡರು. ಮಕ್ಕಳಿರಲಿಲ್ಲ. ಅಲ್ಲಿಂದ ಮುಂದೆ ಮೂವತ್ತು ವರ್ಷ ಅವಳಿದ್ದದ್ದು ಮೈದುನ ನಾಗರಾಜಣ್ಣನ ಮನೆಯಲ್ಲಿ. ನಾಗರಾಜಣ್ಣ, ಅವರ ಹೆಂಡತಿ ವಿಮಲಕ್ಕ, ಮತ್ತೆ ಲಕ್ವ ಹೊಡೆದು ಮಲಗಿದಲ್ಲೇ ಇದ್ದ ಅವರ ತಾಯಿ. ಆ ಮುದುಕಿಯನ್ನು ನಾವೆಲ್ಲ ಬಸಜ್ಜಿ ಎನ್ನುತ್ತಿದ್ದೆವು. ಬಸಜ್ಜಿಯ ಮಂಚ ಗೌರತ್ತೆಯ ಕೋಣೆಯಲ್ಲೇ ಇತ್ತು. ಸರಿಯಾಗಿ ಹೇಳಬೇಕೆಂದರೆ, ಬಸಜ್ಜಿಯ ಕೋಣೆಯ ನೆಲದಲ್ಲಿ ಗೌರತ್ತೆಯ ಹಾಸಿಗೆ ಇತ್ತು.

ನಾನು ಆಗಲೂ ಶಿವಮೊಗ್ಗದ ದುರ್ಗಿಗುಡಿಯಲ್ಲೇ ಬಾಡಿಗೆಗಿದ್ದೆ. ಸಮಾಜಶಾಸ್ತ್ರದ ಎಂ.ಎ. ಮುಗಿಸಿ, ಭದ್ರಾವತಿಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಪ್ರತಿ ವರ್ಷ ಮುಗಿದು, ಮತ್ತೆ ಅರ್ಜಿ ಹಾಕಿ, ಮತ್ತೆ ಶುರುವಾಗುವ ಕೆಲಸ. ಅದೇ ಬಸ್ಸು, ಅದೇ ಅರ್ಧ ಗಂಟೆಯ ದಾರಿ, ಎಲ್ಲಿಗೂ ಮುಟ್ಟದ ಓಡಾಟ. ಮಧ್ಯಾಹ್ನ ಕ್ಲಾಸು ಮುಗಿದರೆ ಅತ್ತೆಯ ಮನೆಗೆ ಊಟಕ್ಕೆ ಹೋಗುತ್ತಿದ್ದೆ.

"ಗೌರಾ, ಇದೀಯೇನೇ?" ಎನ್ನುವುದು ಆ ಮನೆಯ ಗಡಿಯಾರ.

"ಇದೀನಿ ಅತ್ತೆ."

ಬಸಜ್ಜಿಗೆ ಕಣ್ಣು ಮಸುಕು. ಉತ್ತರ ಬಂದರೆ ಸಾಕು, ಮತ್ತೇನೂ ಬೇಕಿರಲಿಲ್ಲ. ಉತ್ತರ ತಡವಾದರೆ ಮಾತ್ರ ಸ್ವರ ಏರುತ್ತಿತ್ತು. ನಾನು ಒಮ್ಮೆ ಊಟ ಮುಗಿಯುವಷ್ಟರಲ್ಲಿ ಎಷ್ಟು ಸಲ ಕೂಗಿದರೆಂದು ಎಣಿಸಿದೆ. ಹನ್ನೊಂದು. ಹೇಳಿದ್ದಕ್ಕೆ ಗೌರತ್ತೆ ದಾರ ಕಡಿಯುತ್ತ ನಕ್ಕಳು: "ಹಾಜರಿ ಕಣೋ. ನಿಮ್ ಕಾಲೇಜಲ್ಲಿ ದಿನಕ್ಕೊಂದ್ಸಲ ಕೂಗ್ತಾರೆ. ಇಲ್ಲಿ ಚೂರು ಸ್ಟ್ರಿಕ್ಟು."

ಕೌದಿಯ ಮೈ ಹೊಲಿಯುವುದು ಓಲ್ಡ್ ಟೌನಿನ ಎಷ್ಟೋ ಹೆಂಗಸರಿಗೆ ಬರುತ್ತಿತ್ತು. ಹಳೇ ಸೀರೆ, ಪಂಚೆ, ಅಂಗಿಗಳನ್ನು ಪದರ ಪದರವಾಗಿ ಹಾಸಿ, ಸಾಲುಹೊಲಿಗೆ ಹಾಕಿಕೊಂಡು ಹೋದರಾಯಿತು. ಅಂಚು ಕಟ್ಟುವುದಕ್ಕೆ ಮಾತ್ರ ಎಲ್ಲರೂ ಗೌರತ್ತೆಯ ಹತ್ತಿರ ಬರುತ್ತಿದ್ದರು. "ಮೈ ಹರಿದ್ರೆ ತೇಪೆ ಹಾಕ್ಬೋದು, ಅಂಚು ಬಿಟ್ರೆ ಕೌದಿನೇ ಬಿಡ್ತು" ಎನ್ನುವುದು ಅವಳ ಮೊದಲ ಪಾಠ.

ಮೊದಲು ಕೌದಿ ನೆಟ್ಟಗಿದೆಯೇ ನೋಡಬೇಕು. ಟೇಪು ಇದ್ದರೂ ಅವಳು ಮುಟ್ಟುತ್ತಿರಲಿಲ್ಲ. ಒಂದು ದಾರವನ್ನು ಈ ಮೂಲೆಯಿಂದ ಎದುರುಮೂಲೆಗೆ ಎಳೆದು ಗಂಟು ಹಾಕಿ, ಅದೇ ದಾರವನ್ನು ಉಳಿದೆರಡು ಮೂಲೆಗಳಿಗೆ ಹಿಡಿಯುತ್ತಿದ್ದಳು. ಗಂಟು ಮೂಲೆಗೇ ಬಂದು ಕೂತರೆ ಸರಿ, ಇಲ್ಲದಿದ್ದರೆ ಕತ್ತರಿ. ಆಮೇಲೆ ಅಂಚಿಗೆಂದು ಬಟ್ಟೆಯಿಂದ ನಾಲ್ಕು ಬೆರಳಗಲದ ಪಟ್ಟಿಗಳು. ಅವುಗಳ ತುದಿಗಳನ್ನು ಓರೆಯಾಗಿ ಜೋಡಿಸಬೇಕು, ನೇರವಾಗಿ ಜೋಡಿಸಿದರೆ ಅಲ್ಲೊಂದು ಗುಬುಟು ನಿಲ್ಲುತ್ತದೆ. ಜೋಡಿಸಿದ ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಬಸಜ್ಜಿಯ ಹಾಸಿಗೆಯ ಕೆಳಗೆ ತೂರಿಸಿಬಿಡುತ್ತಿದ್ದಳು. ಮಾರನೇ ದಿನಕ್ಕೆ ಮಡಿಕೆ ಗೆರೆ ಎಳೆದ ಹಾಗೆ ಕೂತಿರುತ್ತಿತ್ತು. "ನಮ್ ಇಸ್ತ್ರಿ. ಕರೆಂಟ್ ಹೋದ್ರೂ ನಡೆಯುತ್ತೆ" ಎಂದು ಕಣ್ಣು ಮಿಟುಕಿಸುತ್ತಿದ್ದಳು.

ಪಟ್ಟಿಯನ್ನು ಕೌದಿಯ ಮುಂಭಾಗದ ಅಂಚಿಗಿಟ್ಟು ಹೊಲಿಯುವಾಗ ಮೂಲೆಯಿಂದ ಶುರು ಮಾಡುವಂತಿಲ್ಲ. ಒಂದು ಬದಿಯ ನಡುವಿನಿಂದ, ಗೇಣುದ್ದ ಪಟ್ಟಿಯನ್ನು ಸಡಿಲ ಬಿಟ್ಟುಕೊಂಡು ಹೊರಡಬೇಕು. ಸುತ್ತಿ ಬಂದಾಗ ಕೊನೆಯ ತುದಿಯನ್ನು ಆ ಸಡಿಲದೊಳಗೆ ಅಡಗಿಸುವುದು. ಮೂಲೆಗೆ ಇನ್ನೊಂದು ಬೆರಳು ಇದೆ ಎನ್ನುವಾಗ ನಿಲ್ಲಬೇಕು. ಪಟ್ಟಿಯನ್ನು ಮೇಲಕ್ಕೆ ಮಡಚಿ, ಮತ್ತೆ ಕೆಳಕ್ಕೆ ತಂದು, ಮುಂದಿನ ಬದಿ ಹಿಡಿಯಬೇಕು. ನಾನು ಒಮ್ಮೆ ಹಠ ಹಿಡಿದು ಹೊಲಿಯಲು ಕೂತು, ಸೀದಾ ಮೂಲೆಯ ತುದಿಯವರೆಗೆ ಹೋಗಿಬಿಟ್ಟೆ. "ತುದಿವರ್ಗೂ ಹೋಗ್ಬಿಟ್ಯಲ್ಲೋ. ತಿರುಗಕ್ಕೆ ಜಾಗ ಎಲ್ಲಿ ಇಟ್ಕೊಂಡೆ?" ಎಂದಳು. ಎಂ.ಎ.ಯಲ್ಲಿ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮುಂಭಾಗದ ಹೊಲಿಗೆ ಮುಗಿದ ಮೇಲೆ ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿ ಹೆಮ್ಮಿಂಗ್. ಇದು ಕಣ್ಣಿಗೆ ಕಾಣಬಾರದ ಹೊಲಿಗೆ. ದಾರದ ಗಂಟನ್ನು ಸಣ್ಣಗೆ ಜಗ್ಗಿ ಪದರಗಳ ನಡುವೆ ಇಳಿಸಿಬಿಡಬೇಕು. "ಗಂಟು ಒಳಗಿರ್ಬೇಕು, ಮನೆ ಜಗಳ ಇದ್ದಂಗೆ." ಪಟ್ಟಿಯನ್ನು ಎಳೆದು ಹಿಡಿದರೆ ಅಂಚು ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಅವಳು ಒಂದು ದಿನಕ್ಕೆ ಒಂದು ಬದಿಗಿಂತ ಹೆಚ್ಚು ಹೆಮ್ಮಿಂಗ್ ಮಾಡುತ್ತಿರಲಿಲ್ಲ. ಆತುರ ಮಾಡಿದರೆ ಕೈ ತಾನಾಗಿ ಎಳೆಯುತ್ತದಂತೆ.

ಆತುರದಲ್ಲಿ ಅವಳು ಮಾಡಿದ ತಪ್ಪೆಂದರೆ ನನಗೆ ಗೊತ್ತಿರುವ ಹಾಗೆ ಒಂದೇ. ಪಕ್ಕದ ಬೀದಿಯವರು ಬಾಣಂತಿ ಮಗಳಿಗೆಂದು ಕೊಟ್ಟ ಕೌದಿ, ಅವತ್ತೇ ಬೇಕೆಂದು ಕೂತಿದ್ದರು. ಗೌರತ್ತೆ ಮಂಚಕ್ಕೆ ಒರಗಿ ಕೂತು, ಬಸಜ್ಜಿಯ ಕೂಗಿಗೆ "ಇದೀನಿ, ಇದೀನಿ" ಎನ್ನುತ್ತಲೇ ಕೊನೆಯ ಬದಿ ಮುಗಿಸಿದಳು. ದಾರ ಕಡಿದು, ಕೌದಿ ಕೊಡವಿ ಎದ್ದಳು ನೋಡಿ, ಮಂಚದ ಮೇಲಿಂದ ಚೀತ್ಕಾರ.

"ಅಯ್ಯಯ್ಯೋ, ಎಳೀತಾಳೋ! ನಾಗರಾಜಾ, ಹಾಡಹಗಲೇ ಕೊಲ್ತಾಳೋ!"

ಮಂಚದಿಂದ ಇಳಿಬಿದ್ದಿದ್ದ ಬಸಜ್ಜಿಯ ಸೆರಗು ಒಂದು ಮೊಳದುದ್ದ ಅಂಚಿನೊಂದಿಗೆ ಸೇರಿ ಹೊಲಿದುಹೋಗಿತ್ತು. ವಿಮಲಕ್ಕ ಅಡುಗೆಮನೆಯಿಂದ ಬಂದವರು ಬಾಗಿಲಲ್ಲೇ ಕುಸಿದು ಕೂತು ನಕ್ಕರು. "ಅಕ್ಕಾ, ಅತ್ತೇನೂ ಸೇರ್ಸೇ ಕೊಟ್ಬಿಡು. ಬಾಣಂತಿಗೆ ಬೆಚ್ಚಗಿರುತ್ತೆ!" ಬಸಜ್ಜಿ ಬಿಡಲಿಲ್ಲ: "ನಗ್ರೇ, ನಗ್ರಿ. ನಂಗೆ ಕಾಲಿದ್ದಿದ್ರೆ ಇಬ್ರಿಗೂ ಹೊಲಿಗೆ ಹಾಕ್ತಿದ್ದೆ." ಗೌರತ್ತೆಯೂ ನಕ್ಕಳು. ಆದರೆ ಸೆರಗು ಬಿಡಿಸುವಾಗ ಅವಳ ಮುಖದಲ್ಲಿ ನಗು ಇರಲಿಲ್ಲ ಎಂದು ನನ್ನ ನೆನಪು. ಸುಮಾ ಇದನ್ನೂ ಒಪ್ಪುವುದಿಲ್ಲ. ಅವಳ ಪ್ರಕಾರ ಹೊಲಿದುಹೋಗಿದ್ದು ಗೌರತ್ತೆಯದೇ ಸೆರಗು. ಕೂಗಿದ್ದು ಬಸಜ್ಜಿಯೇ ಆದ್ದರಿಂದ ಈ ಒಂದು ವಿಷಯದಲ್ಲಿ ನಾನು ಬಿಟ್ಟುಕೊಟ್ಟಿಲ್ಲ.

ಅದೇ ವಾರವೋ ಮುಂದಿನ ವಾರವೋ ಅವಳು ಆ ಮಾತು ಹೇಳಿದ್ದು. ಬಸಜ್ಜಿಗೆ ಜೊಂಪು ಹತ್ತಿತ್ತು. ನಾನು ಸುಮ್ಮನೆ ಕೇಳಿದ್ದೆ, ಅತ್ತೆ, ನಿಂಗೆ ಏನಾದ್ರೂ ಬೇಕು ಅನ್ಸಲ್ವಾ ಅಂತ. ಸೀರೆಯೋ ಯಾತ್ರೆಯೋ ಹೇಳುತ್ತಾಳೆ ಎಂದುಕೊಂಡಿದ್ದೆ.

"ಒಂದೇ ಒಂದಿನ ಯಾರೂ ನನ್ ಹೆಸ್ರು ಕೂಗ್ಬಾರ್ದು ಕಣೋ" ಎಂದಳು. "ಸಾಕು."

ನನಗೆ ಅಷ್ಟು ಸಾಕಾಗಿತ್ತು. ಅವಳನ್ನು ಅಲ್ಲಿಂದ ಹೊರಗೆ ತರಬೇಕು ಎಂದು ಅವತ್ತು ಬಸ್ಸಿನಲ್ಲೇ ನಿರ್ಧರಿಸಿದೆ. ಶಿವಮೊಗ್ಗದಲ್ಲಿ ಹೆಂಗಸರಿಗೆ ಹೊಲಿಗೆ ಕಲಿಸುವ ಒಂದು ಕೇಂದ್ರದವರು ಕೌದಿ ಕಲಿಸುವವರನ್ನು ಹುಡುಕುತ್ತಿದ್ದರು. ಸಂಬಳದ ಜೊತೆಗೆ ಇರಲು ಕೋಣೆಯನ್ನೂ ಕೊಡುತ್ತಿದ್ದರು. ಅಲ್ಲಿನ ಮೇಡಂ ಹೇಳಿದ್ದು ಇಷ್ಟೇ: "ಅಂಚು ಸಮೇತ ಮುಗಿದಿರೋ ಒಂದು ಕೌದಿ ತರ್ಲಿ. ನೋಡ್ತೀವಿ. ಚೆನ್ನಾಗಿದ್ರೆ ಮುಂದಿನ ತಿಂಗಳ ಮೊದಲ್ನೇ ಸೋಮವಾರನೇ ಸೇರ್ಕೊಳ್ಲಿ." ಮೂರು ವಾರ ಸಮಯವಿತ್ತು.

ಒಂದು ಬೆಳಿಗ್ಗೆ ಗೌರತ್ತೆಯನ್ನು ಕರೆದುಕೊಂಡು ಹೋಗಿ ತೋರಿಸಿದೆ. ಕಲಿಸುವ ಹಾಲ್, ಮೆಷಿನ್ನುಗಳು, ಯಾವುದನ್ನೂ ಅವಳು ಅಷ್ಟಾಗಿ ನೋಡಲಿಲ್ಲ. ಕೊಡುವ ಕೋಣೆಗೆ ಹೋದಾಗ ಮಾತ್ರ ಒಳಗೆ ಕಾಲಿಟ್ಟು, ಬಾಗಿಲು ಮುಚ್ಚಿ, ಚಿಲಕ ಹಾಕಿದಳು. ನಾನೂ ಮೇಡಮ್ಮೂ ಹೊರಗೇ ಉಳಿದೆವು. ಚಿಲಕ ತೆಗೆದ ಸದ್ದು ಕೇಳಿತು. ಮತ್ತೆ ಹಾಕಿದ ಸದ್ದು. ಮತ್ತೆ ತೆಗೆದಳು. "ಚೆನ್ನಾಗಿ ಬೀಳುತ್ತೆ" ಎಂದಳು, ಬಾಗಿಲ ಬಗ್ಗೆಯೇ ವಿಚಾರಿಸಲು ಬಂದವಳಂತೆ. ವಾಪಸು ಬರುವಾಗ ಬಸ್ಸಿನಲ್ಲಿ, "ನಾಲ್ಕು ಗಂಟೆಗೆ ಮಗ್ಗುಲು ಬದಲಾಯಿಸ್ಬೇಕು ಅತ್ತೆಗೆ. ಇಲ್ದಿದ್ರೆ ಬೆನ್ನು ಹುಣ್ಣಾಗುತ್ತೆ" ಎಂದಳು. ಹೊತ್ತಾಯಿತೆಂದು ಹೇಳುತ್ತಿದ್ದಾಳೆ ಎಂದುಕೊಂಡು, ಅಷ್ಟರಲ್ಲಿ ಮುಟ್ಟುತ್ತೇವೆ ಎಂದೆ.

ಮನೆಯಲ್ಲಿ ನಾಗರಾಜಣ್ಣನಿಗೆ ಇಷ್ಟವಾಗಲಿಲ್ಲ. "ಅತ್ತಿಗೇನ ಮನೆ ಬಿಡ್ಸಿದ್ರು ಅಂತ ಊರೆಲ್ಲ ಮಾತಾಡುತ್ತೆ ಕಣಪ್ಪ. ನಿಂಗೇನು, ಪಾಠ ಹೇಳಿ ಬಸ್ ಹತ್ತೋನು" ಎಂದರು. ವಿಮಲಕ್ಕ ಒಳಗಿನಿಂದಲೇ, "ಹೋಗ್ಲಿ ಬಿಡ್ರಿ. ಅಕ್ಕಂಗೂ ಆಸೆ ಇರಲ್ವಾ? ನಾನಿದೀನಲ್ಲ" ಎಂದರು. ವಿಮಲಕ್ಕನ ಈ ಮಾತನ್ನು ನಾನು ಬಹಳ ಕಾಲ ಮರೆತೇಬಿಟ್ಟಿದ್ದೆ. ಮರೆತಿದ್ದೆ ಎನ್ನುವುದಕ್ಕಿಂತ, ನನ್ನ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಆ ಕೌದಿಗಾಗಿ ಗೌರತ್ತೆ ತನ್ನ ಮದುವೆಯ ಕಾಲದ ಹತ್ತಿಸೀರೆಗಳನ್ನು ತೆಗೆದಳು. ಮೈ ಹೊಲಿಗೆ ಎರಡು ವಾರದಲ್ಲಿ ಮುಗಿಯಿತು. ಅಂಚಿಗೆ ಗಾಂಧಿ ಬಜಾರಿನಿಂದ ನಾನೇ ಕಂದುಗೆಂಪು ಪಾಪ್ಲಿನ್ ತಂದುಕೊಟ್ಟೆ. ಹೊಸಬಟ್ಟೆಯನ್ನು ಮೂರು ಸಲ ಬಿಸಿನೀರಿಗೆ ಹಾಕಿ ಹಿಂಡದೆ ಅವಳು ಪಟ್ಟಿ ಕತ್ತರಿಸಿದವಳಲ್ಲ. ಆ ಸಲವೂ ಹಾಗೇ ಮಾಡಿದಳು. ಶುಕ್ರವಾರ ನಾನು ಹೋದಾಗ ಮುಂಭಾಗ ಪೂರ್ತಿಯಾಗಿ, ಹಿಂಭಾಗದ ಹೆಮ್ಮಿಂಗ್ ಎರಡು ಬದಿ ಮುಗಿದಿತ್ತು. ಮೂರನೆಯದು ನಡೆಯುತ್ತಿತ್ತು. ಶನಿವಾರ ಒಂದು ಬದಿ ಉಳಿಯುತ್ತದೆ. ಭಾನುವಾರ ಬಂದು ಕೌದಿಯನ್ನೂ ಅವಳನ್ನೂ ಕರೆದೊಯ್ಯುವುದು ಎಂದು ಮಾತಾಯಿತು.

ಭಾನುವಾರ ಹನ್ನೊಂದು ಗಂಟೆಗೆ ಹೋದೆ. ಕೌದಿ ಅವಳ ತೊಡೆಯ ಮೇಲಿತ್ತು. ಮೂರು ಬದಿ ನುಣ್ಣಗೆ ಕೂತಿದ್ದವು. ನಾಲ್ಕನೇ ಬದಿಯ ಪಟ್ಟಿ ಮೂಲೆಯಿಂದ ಮೂಲೆಗೆ ಬಾಯಿ ಬಿಟ್ಟುಕೊಂಡು ಜೋತಾಡುತ್ತಿತ್ತು.

"ಆಗ್ಲಿಲ್ಲ ಕಣೋ" ಎಂದಳು.

"ನಿನ್ನೆ ಇಡೀ ದಿನ ಇತ್ತಲ್ಲ ಅತ್ತೆ?"

"ಇತ್ತು."

"ಈಗ್ಲೇ ಕೂರು. ಸಂಜೆವರ್ಗೂ ಕಾಯ್ತೀನಿ."

"ಬೇಡ ಬಿಡು, ಮಾರಾಯ. ಮುಗಿಸಕ್ಕಾಗ್ಲಿಲ್ಲ ಅಂತ ಹೇಳ್ಬಿಡು ಆ ಮೇಡಮ್ಮಿಗೆ."

"ಗೌರಾ, ಇದೀಯೇನೇ?"

"ಇದೀನಿ ಅತ್ತೆ."

ನನಗೆ ಎಲ್ಲಿತ್ತೋ ಸಿಟ್ಟು. ಅವಳನ್ನು ಬಿಟ್ಟು ಸೀದಾ ಅಡುಗೆಮನೆಗೆ ಹೋದೆ. ವಿಮಲಕ್ಕ ರೊಟ್ಟಿ ಬಡಿಯುತ್ತಿದ್ದರು. "ಒಂದು ದಿನ, ಒಂದು ದಿನ ಬಿಡಕ್ಕಾಗ್ಲಿಲ್ವಾ ನಿಮಗೆ? ಬೇಕಂತ್ಲೇ ಕೆಲಸ ಹಚ್ಚಿದ್ದೀರಿ. ಸಂಬಳ ಇಲ್ದೆ ಇರೋ ಆಳು ಹೋಗ್ಬಿಡ್ತಾಳೆ ಅಂತ!" ಇನ್ನೂ ಏನೇನೋ ಅಂದೆ. ವಿಮಲಕ್ಕನ ಕೈ ಹಿಟ್ಟಿನ ಮೇಲೆ ನಿಂತಿತು. "ಪ್ರಕಾಶ, ನಾವೇನು ಅವಳ ಕೈ ಕಟ್ಟಿದ್ವಾ? ನಿನ್ನೆ ಒಲೆ ಮುಟ್ಟಕ್ಕೆ ಬಿಟ್ಟಿಲ್ಲ ಅವಳನ್ನ. ಕೇಳು ಬೇಕಾದ್ರೆ" ಎಂದರು. ನಾನು ಕೇಳಲಿಲ್ಲ. ಗೌರತ್ತೆ ಬಾಗಿಲ ಹತ್ತಿರ ಬಂದು ನಿಂತಿದ್ದಳು. ಅವಳು ಏನಾದರೂ ಹೇಳಿದಳೋ ಇಲ್ಲವೋ ನನಗೆ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಹೇಳಿದ್ದರೂ ನಾನು ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಾಗಿತ್ತು.

ಆ ಕೆಲಸ ಬೇರೆಯವರಿಗೆ ಹೋಯಿತು. ನನಗೆ ಒಂದು ಕಥೆ ಸಿಕ್ಕಿತು. ಹೆಂಗಸಿನ ಪುಕ್ಕಟೆ ದುಡಿಮೆಯನ್ನು ಮನೆ ಹೇಗೆ ಬಿಟ್ಟುಕೊಡುವುದಿಲ್ಲ ಎನ್ನುವುದಕ್ಕೆ ಕ್ಲಾಸಿನಲ್ಲಿ ಗೌರತ್ತೆಯ ಹೆಸರು ಬದಲಿಸಿ ಹೇಳುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ಹೇಳುತ್ತಿದ್ದೆ. ಹೇಳಿದಷ್ಟೂ ವಿಮಲಕ್ಕ ಕೆಟ್ಟವರಾಗುತ್ತ ಹೋದರು.

ಆರು ತಿಂಗಳು ಆ ಮನೆಗೆ ಹೋಗಲಿಲ್ಲ. ಹೋದ ದಿನ ಗೌರತ್ತೆ ಯಾರದೋ ಕೌದಿಯ ಮೂಲೆ ಮಡಚುತ್ತಿದ್ದಳು. "ಇಳೀತೇನೋ ಸಿಟ್ಟು? ಕೈ ತೊಳ್ಕೊ, ಊಟ ಮಾಡು" ಎಂದಳು. ವಿಮಲಕ್ಕನೇ ಬಡಿಸಿದರು. ನಿನ್ನ ಕೌದಿ ಎಲ್ಲಿ ಎಂದು ಕೇಳಿದೆ. ಪೆಟ್ಟಿಗೆಯಲ್ಲಿದೆ ಎಂದಳು. ಮುಗಿಸಲ್ವಾ ಎಂದೆ.

"ಇರ್ಲಿ ಬಿಡೋ. ಎಲ್ಲಾನೂ ಮುಗಿಸ್ಲೇಬೇಕು ಅಂತಿದೆಯಾ?"

ಅದಾದ ಮೇಲೂ ಒಂದೆರಡು ಸಲ ಕಂಡಿರಬೇಕು, ಆದರೆ ನೆನಪಿನಲ್ಲಿ ಉಳಿದ ಕೊನೆಯ ಭೇಟಿ ಇದೇ. ಕಳೆದ ವರ್ಷ ಒಂದು ಬೆಳಿಗ್ಗೆ, ಬಸಜ್ಜಿಗೆ ಗಂಜಿ ಕುಡಿಸಿ ಲೋಟ ಕೆಳಗಿಡಲು ಬಗ್ಗಿದವಳು ಹಾಗೇ ಗೋಡೆಗೆ ಒರಗಿದಳಂತೆ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ಬಸಜ್ಜಿಗೆ ಯಾರೂ ಹೇಳಲಿಲ್ಲ. ಕಾರ್ಯ ಮುಗಿದ ಮೇಲೆ ನಾನು ಹೋಗಿದ್ದಾಗ ಕೋಣೆಯಿಂದ ಅದೇ ಕೂಗು ಬಂತು. ವಿಮಲಕ್ಕ ತರಕಾರಿ ಹೆಚ್ಚುವುದನ್ನು ನಿಲ್ಲಿಸದೆ, ಸ್ವರವನ್ನು ಸ್ವಲ್ಪ ತಗ್ಗಿಸಿ, "ಇದೀನಿ ಅತ್ತೆ" ಎಂದರು. ನನ್ನ ಕಡೆ ನೋಡಲಿಲ್ಲ. ನಾನು ಅವರ ಕ್ಷಮೆ ಕೇಳಬೇಕಿತ್ತು. ಕೇಳಲು ಆಗ ನನಗೆ ಕಾರಣ ಗೊತ್ತಿರಲಿಲ್ಲ. ಹೊರಡುವಾಗ ಒಂದು ಗಂಟು ತಂದು ಕೈಗಿಟ್ಟರು. "ನಿಂಗೆ ಅಂತ ಎತ್ತಿಟ್ಟಿದ್ಲು."

ಅದೇ ಕೌದಿ. ನಾಲ್ಕನೇ ಬದಿ ಹಾಗೇ ಬಿಚ್ಚಿಕೊಂಡಿತ್ತು.

ತಿಂಗಳುಗಟ್ಟಲೆ ಮುಟ್ಟಲಿಲ್ಲ. ಈ ಬೇಸಿಗೆ ರಜೆಯಲ್ಲಿ ಒಂದು ಮಧ್ಯಾಹ್ನ, ನಾನೇ ಮುಗಿಸುತ್ತೇನೆ ಎಂದು ಸೂಜಿ ದಾರ ಹಿಡಿದು ಕೂತೆ. ಪಟ್ಟಿಯನ್ನು ಹಿಂದಕ್ಕೆ ಮಡಚಿ, ಮೊದಲ ಹೊಲಿಗೆಗೆ ಸೂಜಿ ಊರಿದರೆ ಅಲ್ಲಿ ಆಗಲೇ ಒಂದು ತೂತಿತ್ತು. ಪಕ್ಕದಲ್ಲಿ ಇನ್ನೊಂದು. ಕನ್ನಡಕ ಹಾಕಿಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಎಳ್ಳುಕಾಳಿನಷ್ಟು ಅಂತರದಲ್ಲಿ, ಮಡಿಕೆಯ ಗೆರೆಗುಂಟ, ಈ ಮೂಲೆಯಿಂದ ಆ ಮೂಲೆಯವರೆಗೂ ಖಾಲಿ ತೂತುಗಳು.

ನನ್ನ ಕಣ್ಣನ್ನು ನಾನು ನಂಬುವವನಲ್ಲ. ದುರ್ಗಿಗುಡಿಯಲ್ಲಿ ನಮ್ಮ ಬೀದಿ ತಿರುವಿನ ಟೈಲರ್ ಹತ್ತಿರ ತೆಗೆದುಕೊಂಡು ಹೋದೆ. ಕಥೆ ಏನೂ ಹೇಳದೆ, ಈ ಬದಿ ನೋಡಿ, ಏನಾಗಿದೆ ಎಂದೆ. ಅವರು ಮೆಷಿನ್ನಿನ ದೀಪಕ್ಕೆ ಹಿಡಿದು ಬೆರಳಾಡಿಸಿದರು.

"ಮುಗಿಸಿ ಬಿಚ್ಚಿದಾರೆ ಸಾರ್. ನೀರಿಗೆ ಹಾಕಿಲ್ಲ, ಅದಕ್ಕೇ ತೂತು ಉಳಿದಿದೆ."

"ಮೊದ್ಲು ಕಚ್ಚಾ ಹೊಲಿಗೆ ಹಾಕಿ ತೆಗೆದಿರ್ಬೋದಲ್ವಾ?"

"ಕಚ್ಚಾ ಇಷ್ಟು ಹತ್ರ ಯಾರು ಹಾಕ್ತಾರೆ? ಇಲ್ನೋಡಿ, ಮೂಲೇಲಿ ಒಂದೇ ಜಾಗದಲ್ಲಿ ಮೂರು ತೂತು. ಕೊನೇ ಗಂಟು ಭದ್ರ ಮಾಡಿರೋದು. ಪೂರ್ತಿ ಮುಗಿದಿತ್ತು ಸಾರ್ ಇದು." ಅವರು ಕೌದಿಯನ್ನು ತಿರುವಿ ಇನ್ನೊಮ್ಮೆ ನೋಡಿದರು. "ಎಳೆದು ಕಿತ್ತಿದ್ದಲ್ಲ. ಹಗಲು ಬೆಳಕಲ್ಲಿ, ಪುರುಸೊತ್ತಾಗಿ ಕೂತು ಒಂದೊಂದೇ ಹೊಲಿಗೆ ಕತ್ತರಿಸಿ ತೆಗೆದಿರೋದು. ಬಟ್ಟೆಯ ಒಂದು ನೂಲಿಗೂ ಕತ್ತರಿ ತಾಗಿಲ್ಲ."

ಮನೆಗೆ ತಂದು ಮತ್ತೊಮ್ಮೆ, ಮೂಲೆಯಿಂದ ಮೂಲೆಗೆ, ಅಂಗುಲ ಅಂಗುಲವಾಗಿ ನೋಡಿದೆ. ತಾಗಿರಲಿಲ್ಲ.